ನ್ಯಾರೋಬೋಟ್ ತಗೋಳೋ ಪ್ಲಾನ್ ಇದೆ, ಟಾಯ್ಲೆಟ್ ಯಾವ್ದು ಹಾಕ್ಸೋದು, ಟ್ಯಾಂಕ್ ಎಷ್ಟು ಲೀಟರ್? ನೀರು ಬಳಸೋರು ದಯವಿಟ್ಟು ಹೇಳಿ

ಕಾಲುವೆ_ಕನಸು:
ಎಲ್ರಿಗೂ ನಮಸ್ಕಾರ. ಇಂಗ್ಲೆಂಡ್ ಮಿಡ್‌ಲ್ಯಾಂಡ್ಸ್ ಕಡೆ ಇದೀವಿ, ನಾನು ನನ್ ಹೆಂಡ್ತಿ. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಒಂದು ಸೆಕೆಂಡ್ ಹ್ಯಾಂಡ್ ನ್ಯಾರೋಬೋಟ್ (ಇಲ್ಲಿನ ಕಾಲುವೆಗಳಲ್ಲಿ ಓಡೋ ಉದ್ದನೆ ಕಿರಿದಾದ ಬೋಟು) ತಗೊಂಡು ಅದ್ರಲ್ಲೇ ಇದ್ಬಿಡೋಣ ಅಂತ ಯೋಚ್ನೆ. 57 ಅಡಿ ಉದ್ದ, ಅಗಲ ಗೊತ್ತಲ್ಲ ಎಲ್ಲಾ ನ್ಯಾರೋಬೋಟಿಗೂ ಇರೋದೇ 6 ಅಡಿ 10 ಇಂಚು. ಇಂಜಿನ್ನು, ಬ್ಯಾಟ್ರಿ, ಸೋಲಾರು, ಸೌದೆ ಒಲೆ ಎಲ್ಲಾ ಓದ್ಕೊಂಡಿದೀನಿ, ಟಾಯ್ಲೆಟ್ ವಿಷ್ಯಕ್ಕೆ ಬಂದ್ರೆ ಮಾತ್ರ ಒಬ್ಬೊಬ್ರು ಒಂದೊಂದು ಹೇಳ್ತಾರೆ. ದೊಡ್ಡ ಟ್ಯಾಂಕಲ್ಲಿ ತುಂಬಿಸಿ ಮಷೀನಲ್ಲಿ ಎಳೆಸೋ ಪಂಪ್ ಔಟ್ ಅಂತಾರೆ, ಎಳೆದು ತೆಗೆಯೋ ಡಬ್ಬಿಯ ಕ್ಯಾಸೆಟ್ ಅಂತಾರೆ, ಈಗ ಹೊಸದಾಗಿ ಕಾಂಪೋಸ್ಟಿಂಗ್ ಅಂತಾರೆ. ಇಲ್ಲಿನೋರ ಲೆಕ್ಕ ಎಲ್ಲಾ ಪೇಪರ್ ಬಳಸೋರ ಲೆಕ್ಕ, ನಮ್ಗೆ ನೀರಿಲ್ದೆ ಆಗಲ್ಲ, ಬೇಸಿಗೇಲಿ ಅಪ್ಪ ಅಮ್ಮ ಬೇರೆ ಬಂದು ಇರ್ತಾರೆ, ಅವರಿಗಂತೂ ಚೊಂಬು ಇಲ್ದೆ ಆಗೋದೇ ಇಲ್ಲ. ಯಾರಾದ್ರೂ ನಮ್ಮೋರು ಬೋಟಲ್ಲಿ ಇರೋರಿದ್ರೆ ನಿಜ ಸ್ಥಿತಿ ಹೇಳಿ.

ತಿಪಟೂರ್_ತೆಂಗು:
ಊಟ ಮಾಡ್ತಾ ಓಪನ್ ಮಾಡ್ಬಿಟ್ನಲ್ಲಪ್ಪ ಈ ಟಾಪಿಕ್ಕ. ಇರ್ಲಿ, ಮುಂದ್ವರ್ಸಿ, ಓದ್ತಿದೀನಿ.

ಹುಬ್ಬಳ್ಳಿ_ಟು_ಲೀಡ್ಸ್:
ನಮಸ್ಕಾರ್ರೀ. ನಂದೂ ಬೋಟ್ ಐತಿ, ಲೀಡ್ಸ್ ಲಿವರ್‌ಪೂಲ್ ಕೆನಾಲ್ ಮ್ಯಾಲೆ. ಮೊದ್ಲ ನೀವು ಪ್ರಶ್ನೇನ ತಿರುವಿ ಹಾಕ್ರಿ. ಯಾವ ಟಾಯ್ಲೆಟ್ ಅನ್ನೂದು ಆಮ್ಯಾಲೆ, ಅದನ್ನ ಎಲ್ಲಿ ಖಾಲಿ ಮಾಡ್ತೀರಿ ಅನ್ನೂದು ಮೊದ್ಲ. ಮರೀನಾದಾಗ (ಬೋಟ್ ನಿಲ್ಲಿಸೋ ತಾಣ) ಕಾಯಂ ಜಾಗಾ ತಗೊಂಡ್ ಇರೋರೇನು, ಇಲ್ಲಾ 14 ದಿನಕ್ಕೊಮ್ಮೆ ಜಾಗಾ ಬಿಟ್ಟು ಮುಂದ ಹೋಗೋ ಕಂಟಿನ್ಯುವಸ್ ಕ್ರೂಸರ್ ಆಗೋರೇನು? ಮರೀನಾದಾಗ ಪಂಪ್ ಔಟ್ ಮಷೀನ್ ಮಗ್ಗಲದಾಗ ಇದ್ರ ಮಾತ ಬ್ಯಾರೆ, ಟ್ಯಾಂಕ್ ತುಂಬಿದ ದಿನ ಹೋಗಿ ನಿಲ್ಲಿಸಿ ಪೈಪ್ ಹಚ್ಚಿದ್ರ ಆತು. ಒಂದ್ ಸಲಕ್ಕ 20 ಪೌಂಡ್ ಆಸುಪಾಸು, ಜಾಗಾದ ಮ್ಯಾಲೆ ಹೆಚ್ಚು ಕಡಿಮಿ. ತಿರುಗಾಡೋರಿಗೆ ಕ್ಯಾಸೆಟ್ ಹಗುರ ಆಗ್ತದ, ಯಾಕಂದ್ರ ಕ್ಯಾಸೆಟ್ ಸುರುವೋ ಎಲ್ಸಾನ್ ಪಾಯಿಂಟ್‌ಗಳು ಪಂಪ್ ಔಟ್‌ಗಿಂತ ಜಾಸ್ತಿ ಅದಾವ, ಕಾಲುವೆ ನೋಡ್ಕೊಳ್ಳೋ ಕೆನಾಲ್ ಟ್ರಸ್ಟ್ ಲೈಸನ್ಸ್ ಇದ್ದೋರಿಗೆ ರೊಕ್ಕಾ ಕೊಡೋದೂ ಇಲ್ಲ, ವಾಟರ್‌ಮೇಟ್ ಕೀಲಿ ಒಂದಿದ್ರ ಬಾಗಲಾ ತಗದು ಒಳಗ ಹೋಗಿ ಸುರುವಿ ತೊಳದು ಬರೋದು.

ಕ್ಯಾಸೆಟ್ ಅಂದ್ರ 18-20 ಲೀಟರಿನ ಡಬ್ಬಿ, ಟಾಯ್ಲೆಟ್ ಕೆಳಗಿಂದ ಎಳದ್ರ ಹೊರಗ ಬರ್ತದ. ತುಂಬಿದ್ದು 20 ಕೇಜಿ ಮ್ಯಾಲೆ ತೂಕ ಆಗ್ತದ ಮತ್ತ, ಮಳ್ಯಾಗ ಕೆಸರಿನ ಟೋಪಾತ್ (ಕಾಲುವೆ ಮಗ್ಗಲದ ಹಾದಿ) ಮ್ಯಾಲೆ ಕೈಯಾಗ ಹಿಡ್ಕೊಂಡು ನಡೀರಿ ನೋಡೂಣು. ಸಣ್ಣ ಟ್ರಾಲಿ ಇಟ್ಕೋರಿ, ಮತ್ತ ಖಾಲಿ ಕ್ಯಾಸೆಟ್ ಎರಡ್ಮೂರು ಜಾಸ್ತಿ ಇಟ್ಕೋರಿ.

ಕಾಲುವೆ_ಕನಸು:
ಮೊದ್ಲೆರಡು ವರ್ಷ ತಿರುಗಾಡೋದೇ. ಮರೀನಾ ಬಾಡಿಗೆ ಕೇಳಿ ಎದೆ ಒಡೀತು.

ಟೋಪಾತ್_ಗೌಡ್ತಿ:
ಹಂಗಾದ್ರೆ ಕಾಂಪೋಸ್ಟಿಂಗ್ ಬಗ್ಗೆ ನಾನು ಹೇಳ್ತೀನಿ, ಲಂಡನ್ ಸುತ್ತಮುತ್ತ ಇರೋಳು, ಅದ್ನೇ ಬಳಸೋದು. ಮೊದ್ಲು, ಹೆಸರು ನೋಡಿ ಮೋಸ ಹೋಗ್ಬೇಡಿ, ಬೋಟಲ್ಲಿ ಯಾವ್ದೂ ಕಾಂಪೋಸ್ಟ್ ಆಗಲ್ಲ. ಗೊಬ್ಬರ ಆಗ್ಬೇಕು ಅಂದ್ರೆ ವರ್ಷದ ಹತ್ರ ಬೇಕು, ನಿಮ್ ಬಕೆಟ್ಟು ವಾರಕ್ಕೊಂದ್ಸಲ ತುಂಬೋಗುತ್ತೆ. ಅದು ಬೇರ್ಪಡಿಸೋ ಟಾಯ್ಲೆಟ್ ಅಷ್ಟೆ. ಮುಂದಿನ ತೂತಲ್ಲಿ ಮೂತ್ರ ಒಂದು ಬಾಟ್ಲಿಗೆ, ಹಿಂದಿನ ತೂತಲ್ಲಿ ಮಿಕ್ಕಿದ್ದು ಬಕೆಟ್ಟಿಗೆ, ಮೇಲೆ ತೆಂಗಿನ ನಾರಿನ ಪುಡಿನೋ ಮರದ ಹೊಟ್ಟೋ ಹಾಕೋದು, 12 ವೋಲ್ಟಿನ ಸಣ್ಣ ಫ್ಯಾನು ಸದಾ ಓಡ್ತಾ ಗಾಳಿನ ಹೊರಗೆ ತಳ್ತಿರ್ಬೇಕು. ಒಣಗಿದ್ರೆ ವಾಸ್ನೆ ಇಲ್ಲ, ದೇವರಾಣೆ ಇಲ್ಲ. ಎರಡೂ ಸೇರಿದ್ರೆ ಮಾತ್ರ ಗಬ್ಬು.

ಸಮಸ್ಯೆ ಎಲ್ಲಿ ಅಂದ್ರೆ, ಮುಂಚೆ ಆ ಒಣಗಿದ್ದನ್ನ ಚೀಲಕ್ಕೆ ಕಟ್ಟಿ ಕೆನಾಲ್ ಟ್ರಸ್ಟಿನ ಕಸದ ತೊಟ್ಟಿಗೆ ಹಾಕ್ತಿದ್ರು. 2021ರ ಕೊನೆಗೆ ಅದನ್ನ ನಿಲ್ಲಿಸಿದ್ರು, ಈಗ ಹಾಕಂಗಿಲ್ಲ. ಅಂದ್ರೆ ನಿಮ್ಗೆ ಸ್ವಂತ ಜಾಗ ಇರ್ಬೇಕು ಗೊಬ್ಬರ ಮಾಡೋಕೆ, ಇಲ್ಲ ದುಡ್ಡು ಕೊಟ್ಟು ತಗೊಂಡ್ಹೋಗೋ ಸರ್ವೀಸ್ ನಿಮ್ ಕಡೆ ಇರ್ಬೇಕು. ನನ್ಗೆ ಒಬ್ಬ ಸ್ನೇಹಿತೆ ತೋಟ ಐತೆ, ಅಲ್ಲಿ ಮುಚ್ಚಿದ ಡಬ್ಬಿಗಳಲ್ಲಿ ಇಟ್ಟು ಮಾಗಿಸ್ತೀವಿ. ಅದಿಲ್ದಿದ್ರೆ ಈ ಟಾಯ್ಲೆಟ್ ತಗೋಬೇಡಿ ಅಂತ್ಲೇ ಹೇಳ್ತೀನಿ.

ಇನ್ನು ನೀರಿನ ವಿಷ್ಯ. ಬಕೆಟ್ಟಿಗೆ ಚೊಂಬು ನೀರು ಬಿತ್ತೋ, ಮುಗೀತು ಕತೆ.

ತಿಪಟೂರ್_ತೆಂಗು:
ಒಂದ್ನಿಮ್ಷ. ತೆಂಗಿನ ನಾರಿನ ಪುಡಿ ಅಂದ್ರೆ ನಮ್ ಕೊಕೊಪೀಟಾ? ನಾವು ಇಲ್ಲಿ ನಾರಿನ ಫ್ಯಾಕ್ಟ್ರಿ ಹಿಂದೆ ರಾಶಿ ಬಿದ್ದಿರೋದ್ನ ಇಟ್ಟಿಗೆ ಒತ್ತಿ ಕಳ್ಸೋದು ಇದಕ್ಕಾ? ಗಿಡ ಬೆಳೆಯೋಕೆ ಅನ್ಕೊಂಡಿದ್ದೆ.

ಟೋಪಾತ್_ಗೌಡ್ತಿ:
ಅದೇ ಅಣ್ಣ. ನಾನು ತಗೊಳೋ ಇಟ್ಟಿಗೆ ಮೇಲೆ ಇಂಡಿಯಾ ಅಂತ್ಲೇ ಇರುತ್ತೆ. ಸ್ವಲ್ಪ ನೀರು ಚಿಮುಕಿಸಿ ಪುಡಿ ಮಾಡ್ಕೊಳೋದು, ಮುಟ್ಟಿದ್ರೆ ತೇವ ಗೊತ್ತಾಗ್ಬೇಕು, ಹಿಂಡಿದ್ರೆ ನೀರು ಬರ್ಬಾರ್ದು. ಜಾಸ್ತಿ ಒದ್ದೆ ಮಾಡಿದ್ರೆ ಸಣ್ಣ ಸಣ್ಣ ನೊಣ ಶುರುವಾಗ್ತವೆ.

ಕಾಲುವೆ_ಕನಸು:
ಅಕ್ಕ, ನೀರಿನ ಕತೆ ಮುಗೀತು ಅಂದ್ರಲ್ಲ, ಹಂಗಾದ್ರೆ ನೀವೇನ್ಮಾಡ್ತೀರಿ? ಕೆಲವ್ರು ಪಕ್ಕದಲ್ಲೇ ಶವರ್ ಟ್ರೇ ಇರುತ್ತಲ್ಲ, ಅಲ್ಲಿ ತೊಳ್ಕೊಳ್ಳಿ ಅಂತ ಐಡಿಯಾ ಕೊಟ್ರು. ಶವರ್ ನೀರು ಹೆಂಗೂ ಕಾಲುವೆಗೇ ಹೋಗೋದಲ್ವಾ.

ಟೋಪಾತ್_ಗೌಡ್ತಿ:
ಅಯ್ಯಯ್ಯೋ ಬೇಡ. ಸಿಂಕಿಂದು ಶವರಿಂದು ನೀರು ಕಾಲುವೆಗೆ ಬಿಡೋಕೆ ಇಲ್ಲಿ ಬಿಡ್ತಾರೆ, ನಿಜ. ಟಾಯ್ಲೆಟ್ಟಿಂದು ಒಂದು ಹನಿನೂ ಬಿಡಂಗಿಲ್ಲ. ತೊಳ್ಕೊಂಡ ನೀರು ಯಾವ್ದಪ್ಪ ಲೆಕ್ಕಕ್ಕೆ? ಶವರಲ್ಲಿ ನಿಂತ್ಕೊಂಡ ಮಾತ್ರಕ್ಕೆ ಅದು ಸ್ನಾನದ ನೀರಾಗೋಗುತ್ತಾ? ನಿಂತ ನೀರು ಕಾಲುವೇದು, ಹರಿಯೋ ಹೊಳೆ ಅಲ್ಲ, ಪಕ್ಕದಲ್ಲೇ ಮಕ್ಳು ಕಯಾಕ್ ಓಡಿಸ್ತಿರ್ತವೆ.

ಇಂಜಿನ್‌ರೂಮ್_ಮಾಣಿ:
ಗೌಡ್ತಿಯವ್ರು ಹೇಳಿದ್ದು ಸರಿ ಉಂಟು ಮಾರಾಯ್ರೆ. ನಾನು ಮರ್ಚೆಂಟ್ ನೇವಿಯಲ್ಲಿ ಇಂಜಿನಿಯರ್ ಆಗಿದ್ದವ, ಈಗ ಕುಂದಾಪುರದಲ್ಲಿ ಮನೇಲಿ. ಹಡಗಲ್ಲೂ ಇದೇ ಗೆರೆ ಎಳೀತಾರೆ, ಟಾಯ್ಲೆಟ್ಟಿನ ಬ್ಲ್ಯಾಕ್ ವಾಟರ್ ಬೇರೆ, ಸಿಂಕು ಸ್ನಾನದ ಗ್ರೇ ವಾಟರ್ ಬೇರೆ, ಎರಡೂ ಒಂದೇ ಪೈಪಿಗೆ ಸೇರಿದ್ರೆ ಪೂರ್ತಿ ಬ್ಲ್ಯಾಕ್ ಅಂತ್ಲೇ ಲೆಕ್ಕ. ಹಡಗಿನ ಮಾಲಿನ್ಯ ತಡೆಯೋ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್, ಅದರಲ್ಲಿ ಅನೆಕ್ಸ್ 4 ಅಂತ ಉಂಟು, 2003ರಲ್ಲಿ ಜಾರಿಗೆ ಬಂದದ್ದು. 400 ಗ್ರಾಸ್ ಟನ್ ಮೇಲಿನ ಹಡಗು, ಇಲ್ಲಾ 15 ಜನಕ್ಕಿಂತ ಜಾಸ್ತಿ ಹೊರುವಂಥದ್ದು, ಅಂತರರಾಷ್ಟ್ರೀಯ ಯಾನ ಮಾಡೋದಾದ್ರೆ ಅದಕ್ಕೆ ಲಾಗು. ಅರೆದು ಔಷಧಿ ಹಾಕಿದ್ದಾದ್ರೆ ದಡದಿಂದ 3 ನಾಟಿಕಲ್ ಮೈಲಿ ಆಚೆ, ಹಾಗೇ ಬಿಡೋದಾದ್ರೆ 12 ಮೈಲಿ ಆಚೆ, ಅದೂ ಟ್ಯಾಂಕಲ್ಲಿ ಹಿಡಿದಿಟ್ಟದ್ದನ್ನ ಒಮ್ಮೆಲೇ ಸುರೀಲಿಕ್ಕೆ ಇಲ್ಲ, ಹಡಗು ಕಡಿಮೆ ಅಂದ್ರೂ 4 ನಾಟ್ ಸ್ಪೀಡಲ್ಲಿ ಹೋಗ್ತಾ ಇರ್ಬೇಕು. ಸಮುದ್ರಕ್ಕೇ ಇಷ್ಟು ಕಟ್ಟಳೆ ಇರುವಾಗ ನಿಮ್ಮ ನಾಲ್ಕಡಿ ಆಳದ ಕಾಲುವೆಗೆ ಯಾಕೆ ಬಿಡ್ತೀರಿ.

ನೀರು ಬಳಸೋದಾದ್ರೆ ಟ್ಯಾಂಕ್ ಇರೋ ಟಾಯ್ಲೆಟ್ಟೇ ಸರಿ ಅಂತ ನನ್ನ ಅಭಿಪ್ರಾಯ.

ಹುಬ್ಬಳ್ಳಿ_ಟು_ಲೀಡ್ಸ್:
ಇಲ್ಲಿ ಲೆಕ್ಕ ಹಾಕೂಣು ಬರ್ರಿ. ಒಬ್ಬ ಮನಷ್ಯಾ ದಿನಕ್ಕ ಒಂದೂವರೆ ಲೀಟರ್ ಹತ್ತಿರ ಮೂತ್ರ. ಇಬ್ಬರಿಗೆ 3 ಲೀಟರ್. ಕ್ಯಾಸೆಟ್ ಫ್ಲಶ್ ಕಡಿಮಿ, ಬಟನ್ ಮ್ಯಾಲೆ ಕೈ ಇಟ್ಕೊಂಡ್ ನಿಲ್ಲದಿದ್ರ ಅರ್ಧ ಲೀಟರಿನೊಳಗ. ದಿನಕ್ಕ ಹತ್ತ ಸಲ ಅಂದ್ರ 4-5 ಲೀಟರ್. ಅಲ್ಲಿಗೆ 8 ಆತು. ಪೇಪರ್ ಮಂದಿಗೆ 18 ಲೀಟರ್ ಡಬ್ಬಿ ಎರಡು ದಿನಾ ದಾಟ್ತದ. ನಾವು ಸಲಕ್ಕೊಂದು ಲೀಟರ್ ನೀರು ಸುರುವಿದ್ವಿ ಅಂದ್ರ ಒಂದ ದಿನದಾಗ ಫುಲ್. ನಿಮ್ಮ ಅಪ್ಪ ಅಮ್ಮ ಬಂದ ಮ್ಯಾಲೆ ನಾಲ್ಕ ಮಂದಿ, ದಿನಕ್ಕ ಎರಡು ಡಬ್ಬಿ. ಸುಟ್ಟಿಯೊಳಗ ಬಂದ ಹಿರ್ಯಾರ್ನ ಕೂಡಿಸ್ಕೊಂಡು ಎಲ್ಸಾನ್ ಟೂರ್ ಮಾಡ್ಬೇಕಾಗ್ತದ.

ಅದಕ್ಕ ನಮ್ಮನ್ಯಾಗ ಪ್ರವಾಸದ ಬಿಡೆ (ತೊಳ್ಕೊಳ್ಳೋ) ಬಾಟ್ಲಿ ಬಳಸ್ತೀವಿ, ಒತ್ತಿದ್ರ ಸಣ್ಣಗ ಚಿಮ್ಮೋದು, 300-400 ಎಂಎಲ್ ಹಿಡಿಯೋದು. ಒಂದು ಬಾಟ್ಲಿಯೊಳಗ ಎರಡು ಸಲ ಆಗ್ತದ. ಜೆಟ್ ಸ್ಪ್ರೇ ಪೈಪ್ ಮಾತ್ರ ಬೋಟಿನ್ಯಾಗ ಹಾಕ್ಸಬ್ಯಾಡ್ರಿ, ಹಿಡದಷ್ಟು ಹೊತ್ತು ಲೀಟರ್‌ಗಟ್ಲೆ ಹೋಗ್ತದ, ಕುಡಿಯೋ ನೀರಿನ ಟ್ಯಾಂಕೂ ಖಾಲಿ, ಕೆಳಗಿಂದೂ ಫುಲ್, ಎರಡೂ ಕಡೆ ಹೊಡತ.

ಪ್ಯುಜೆಟ್_ಪಯಣಿಗ:
ಇಂಟರೆಸ್ಟಿಂಗ್ ಥ್ರೆಡ್. ನಾನು ಸಿಯಾಟಲ್, 34 ಅಡಿ ಸೇಲ್‌ಬೋಟು, ವೀಕೆಂಡ್ ಮಾತ್ರ. ಇಲ್ಲಿ ಪ್ಯುಜೆಟ್ ಸೌಂಡ್ ಪೂರ್ತಿ 2018ರಿಂದ ನೋ ಡಿಸ್ಚಾರ್ಜ್ ಝೋನ್, ಸಂಸ್ಕರಿಸಿದ್ದೂ ಬಿಡಂಗಿಲ್ಲ. ಟ್ಯಾಂಕಿಂದ ಹೊರಕ್ಕೆ ಹೋಗೋ ವೈ ವಾಲ್ವ್ ಇರುತ್ತಲ್ಲ, ಅದನ್ನ ಮುಚ್ಚಿ ಹಿಡಿಕೆ ಬಿಚ್ಚಿಡ್ಬೇಕು, ಇಲ್ಲ ಬೀಗ ಹಾಕ್ಬೇಕು, ಇಲ್ಲ ಕತ್ತರಿಸದೆ ಬಿಚ್ಚಕ್ಕಾಗದ ಪ್ಲಾಸ್ಟಿಕ್ ಟೈ ಬಿಗೀಬೇಕು. ಕೋಸ್ಟ್ ಗಾರ್ಡ್ ಹತ್ತಿದ್ರೆ ಅದನ್ನ ಕೇಳೇ ಕೇಳ್ತಾರೆ. ಆದ್ರೆ ಪಂಪ್ ಔಟ್ ಬಹಳ ಕಡೆ ಫ್ರೀ, 1992ರ ಕ್ಲೀನ್ ವೆಸಲ್ ಆಕ್ಟ್ ದುಡ್ಡಲ್ಲಿ ಕಟ್ಟಿರೋ ಸ್ಟೇಷನ್‌ಗಳು. ನೀವು 20 ಪೌಂಡ್ ಅಂದಿದ್ದು ನೋಡಿ ಅಯ್ಯೋ ಅನ್ಸ್ತು.

ನಮ್ದು ಕೈಪಂಪಿನ ಮರೈನ್ ಟಾಯ್ಲೆಟ್. ನಿಮ್ಗೆ ಅದು ಬೇಡ, ಆದ್ರೆ ಟ್ಯಾಂಕ್ ತಗೊಳೋರಿಗೆ ಒಂದು ಮಾತು. ವಾಸನೆ ಬಂತು ಅಂದ ತಕ್ಷಣ ಎಲ್ರೂ ಟ್ಯಾಂಕಿಗೆ ಸೆಂಟು ಸುರೀತಾರೆ. ಎಷ್ಟೋ ಸಲ ವಾಸನೆ ಟ್ಯಾಂಕಿಂದಲ್ಲ, ಪೈಪಿಂದು. ಅಗ್ಗದ ಪಿವಿಸಿ ಹೋಸು ಕಾಲ ಕಳೆದಂಗೆ ವಾಸನೆನ ಒಳಗಿಂದ ಹೊರಕ್ಕೆ ಬಿಡೋಕೆ ಶುರು ಮಾಡುತ್ತೆ, ಸೋರಲ್ಲ, ಒದ್ದೆ ಇರಲ್ಲ, ಆದ್ರೂ ನಾರುತ್ತೆ. ಪತ್ತೆ ಮಾಡೋಕೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆನ ಹೋಸಿಗೆ ಸುತ್ತಿ, ಆರಿದ ಮೇಲೆ ಬಟ್ಟೆನ ಮೂಸಿ. ಬಟ್ಟೆ ನಾರಿದ್ರೆ ಹೋಸ್ ಬದಲಾಯಿಸ್ಬೇಕು, ಬೇರೆ ದಾರಿ ಇಲ್ಲ. ಹಾಕುವಾಗ ಸ್ಯಾನಿಟೇಷನ್ ಹೋಸ್ ಅಂತ್ಲೇ ಕೇಳಿ, ಆಗೋ ಕಡೆ ಗಟ್ಟಿ ಪಿವಿಸಿ ಪೈಪು, ನಡುವೆ ನೀರು ನಿಲ್ಲೋ ತಗ್ಗು ಇರ್ಬಾರ್ದು.

ಕಾಲುವೆ_ಕನಸು:
ಸೆಂಟು ಬೇಡ ಅಂದ್ರೆ ಟಾಯ್ಲೆಟ್ಟಿಗೆ ಅಂತ್ಲೇ ಮಾರೋ ಆ ನೀಲಿ ಲಿಕ್ವಿಡ್ಡು?

ಇಂಜಿನ್‌ರೂಮ್_ಮಾಣಿ:
ಸ್ವಲ್ಪ ಉದ್ದ ಆಗ್ತದೆ, ಕೂತು ಓದಿ. ಟ್ಯಾಂಕಲ್ಲಿ ಎರಡು ಜಾತಿ ಬ್ಯಾಕ್ಟೀರಿಯಾ. ಗಾಳಿ ಬೇಕಾದವು, ಗಾಳಿ ಬೇಡದವು. ಗಾಳಿ ಬೇಕಾದವು ಕೆಲಸ ಮಾಡಿದ್ರೆ ಹೊರಗೆ ಬರೋದು ಕಾರ್ಬನ್ ಡೈಆಕ್ಸೈಡ್, ಮೂಗಿಗೆ ಏನೂ ಇಲ್ಲ. ಗಾಳಿ ಇಲ್ಲದಿದ್ರೆ ಇನ್ನೊಂದು ಜಾತಿ ಮೇಲೆ ಬರ್ತದೆ, ಆಗ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಕೊಳೆತ ಮೊಟ್ಟೆ ವಾಸನೆ. ನಮ್ಮ ಹಡಗಿನ ಸೀವೇಜ್ ಪ್ಲಾಂಟಲ್ಲಿ ಬ್ಲೋವರ್ ದಿನದ 24 ಗಂಟೆ ಗಾಳಿ ಊದ್ತಾ ಇರ್ತದೆ, ಬ್ಲೋವರ್ ನಿಂತ್ರೆ ಮೊದ್ಲು ಗೊತ್ತಾಗೋದು ಅಲಾರ್ಮಲ್ಲಿ ಅಲ್ಲ, ಮೂಗಲ್ಲಿ. ಸಮುದ್ರದ ನೀರಲ್ಲಿ ಸಲ್ಫೇಟ್ ಜಾಸ್ತಿ, ಅದಕ್ಕೇ ಉಪ್ಪುನೀರಲ್ಲಿ ಫ್ಲಶ್ ಮಾಡೋ ಬೋಟುಗಳು ಇನ್ನೂ ಜಾಸ್ತಿ ನಾರ್ತವೆ, ನಿಮ್ದು ಸಿಹಿನೀರು, ಅಷ್ಟು ಪುಣ್ಯ.

ಹಾಗಾಗಿ ಮೊದಲ ಔಷಧಿ ಗಾಳಿ. ಬಹಳ ಬೋಟಲ್ಲಿ ಟ್ಯಾಂಕಿನ ವೆಂಟ್ ಪೈಪ್ ಬೆರಳು ಗಾತ್ರದ್ದು ಇರ್ತದೆ, ಮೂರು ನಾಲ್ಕು ಬಾಗು ಬೇರೆ. ಒಂದೂವರೆ ಇಂಚಿನ ಪೈಪ್, ನೇರ, ಗಿಡ್ಡ, ಸಾಧ್ಯ ಇದ್ರೆ ಬೋಟಿನ ಎರಡೂ ಬದಿಗೆ ಒಂದೊಂದು, ಆಗ ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಡ್ತದೆ. ಅದ್ರ ಮೇಲೂ ಬೇಕಿದ್ರೆ ನೈಟ್ರೇಟ್ ಇರೋ ಪುಡಿ ಸಿಗ್ತದೆ, ಬ್ಯಾಕ್ಟೀರಿಯಾ ಅದರಿಂದ ಆಮ್ಲಜನಕ ಎಳ್ಕೊಳ್ತವೆ, ಸಲ್ಫೇಟ್ ತಂಟೆಗೆ ಹೋಗೋದಿಲ್ಲ. ನೀಲಿ ಲಿಕ್ವಿಡ್ ಹಳೇದು ಫಾರ್ಮಾಲ್ಡಿಹೈಡ್, ಅದು ಎರಡೂ ಜಾತಿಯನ್ನ ಕೊಂದು ಹಾಕ್ತದೆ. ಕ್ಯಾಸೆಟಿಗೆ ಎರಡು ದಿನದ ಮಟ್ಟಿಗೆ ನಡೀತದೆ. ಆದ್ರೆ ಎಲ್ಸಾನ್ ಹಿಂದೆ ಸೆಪ್ಟಿಕ್ ಟ್ಯಾಂಕ್ ಇದ್ರೆ ಅಲ್ಲಿಯ ಬ್ಯಾಕ್ಟೀರಿಯಾವೂ ಸಾಯ್ತದೆ.

ಇನ್ನೊಂದು, ಇದು ತಮಾಷೆ ಅಲ್ಲ. ಟ್ಯಾಂಕ್ ಮುಚ್ಚಳ ತೆಗೆದು ತಲೆ ಒಳಗೆ ಹಾಕಿ ನೋಡ್ಲಿಕ್ಕೆ ಹೋಗ್ಬೇಡಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಕೆಳಗೇ ಕೂತಿರ್ತದೆ, ಪ್ರಮಾಣ ಜಾಸ್ತಿ ಆದ್ರೆ ಮೂಗಿನ ಶಕ್ತಿನೇ ಹೋಗ್ತದೆ, ವಾಸನೆ ನಿಂತಿತು ಅಂತ ಅಂದ್ಕೊಳ್ತೀರಿ. ನಮ್ಮೂರ ಮ್ಯಾನ್‌ಹೋಲಲ್ಲಿ ಇಳಿದವ್ರು ಯಾಕೆ ಸಾಯ್ತಾರೆ ಅಂದ್ಕೊಂಡಿದ್ದೀರಿ. ಬ್ಲೀಚು ಆಸಿಡ್ಡು ಒಟ್ಟಿಗೆ ಹಾಕೋದಂತೂ ಯಾವತ್ತೂ ಬೇಡ, ಕ್ಲೋರಿನ್ ಬರ್ತದೆ.

ಬೆಂಗ್ರೆ_ಹೊಳೆ:
ನಾನು ಉಡುಪಿ ಕೋಡಿ ಬೆಂಗ್ರೆ ಕಡೆ, ಹೌಸ್‌ಬೋಟ್ ಕೆಲ್ಸ ಗೊತ್ತಿದೆ, ಮುಂಚೆ ಆಲಪ್ಪುಳದಲ್ಲೂ ಇದ್ದೆ. ನಮ್ ಕಡೆ ಬಯೋ ಟ್ಯಾಂಕ್ ಅಂತ ಹಾಕ್ತಾರೆ, ರೈಲಲ್ಲಿ ಇದೆಯಲ್ಲ ಡಿಆರ್‌ಡಿಒದವ್ರು ಮಾಡಿದ್ದು, ಅದೇ ಕ್ರಮ. ಮಾಣಿ ಅಣ್ಣ ಹೇಳಿದ್ದಕ್ಕೆ ಉಲ್ಟಾ ಇದು, ಗಾಳಿ ಬೇಡದ ಬ್ಯಾಕ್ಟೀರಿಯಾನೇ ಬೇಕಂತ ಬಿಟ್ಟು ಅದ್ರಿಂದ್ಲೇ ಕೆಲ್ಸ ಮಾಡ್ಸೋದು, ಟ್ಯಾಂಕ್ ಒಳಗೆ ಗೋಡೆ ಗೋಡೆ ಇರ್ತದೆ, ಒಂದ್ರಿಂದ ಇನ್ನೊಂದಕ್ಕೆ ದಾಟ್ತಾ ದಾಟ್ತಾ ಕರಗ್ತದೆ. ಎಲ್ಲಾ ಸರಿ, ಕ್ಲೀನಿಂಗಿಗೆ ಬಂದವ್ರು ಫಿನಾಯಿಲ್ ಹಾಕ್ದೆ ಬಿಡೋದಿಲ್ಲ, ಬಕೆಟ್ ಹೊಡೀತಾರೆ. ಬ್ಯಾಕ್ಟೀರಿಯಾ ಸತ್ತು ಹೋಗಿ ಟ್ಯಾಂಕ್ ಬರೀ ಡಬ್ಬಿ ಆಗ್ತದೆ. ಆಲಪ್ಪುಳದಲ್ಲಿ ಅಷ್ಟು ಹೌಸ್‌ಬೋಟು, ವೇಂಬನಾಡ್ ಕಾಯಲು ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಲಿ ಬೇರೆ ಇದೆ 2002ರಿಂದ. ಹೌಸ್‌ಬೋಟಿನ ಗಲೀಜು ತೆಗೀಲಿಕ್ಕೆ ಅಂತ್ಲೇ ಕುಪ್ಪಪ್ಪುರಂನಲ್ಲಿ ಪ್ಲಾಂಟ್ ಉಂಟು. ಎಲ್ರೂ ಹೋಗಿ ಕೊಡ್ತಾರಾ ಅಂತ ಕೇಳ್ಬೇಡಿ.

ಮೀನಿನ ಬೋಟಿನ ವಿಷ್ಯ ಬೇಡ ಬಿಡಿ, ನಾನು ಹತ್ತಿದ ಟ್ರಾಲರಲ್ಲಿ ಟಾಯ್ಲೆಟ್ಟೇ ಇರ್ಲಿಲ್ಲ, ಹಿಂದೆ ಹೋಗಿ ಹಗ್ಗ ಹಿಡ್ಕೊಳ್ಳೋದು.

ತಿಪಟೂರ್_ತೆಂಗು:
ಅಲೆ ಬಂದ್ರೆ ತೊಳ್ಕೊಳೋ ಕೆಲ್ಸನೂ ಮುಗೀತು ಅನ್ನಿ.

ಬೆಂಗ್ರೆ_ಹೊಳೆ:
😂 ನಗ್ಬೇಡಿ ಮಾರಾಯ್ರೆ, ರಾತ್ರಿ ಹೊತ್ತು ಜನ ಬಿದ್ದದ್ದೂ ಉಂಟು.

ಕಾಲುವೆ_ಕನಸು:
ಅಪ್‌ಡೇಟ್. ಒಂದು ಬೋಟ್ ನೋಡ್ಕೊಂಡ್ ಬಂದ್ವಿ. ಬ್ರಾನ್‌ಸ್ಟನ್ ಹತ್ರ. 57 ಅಡಿ, 10-6-4 ಸ್ಟೀಲು (ತಳ, ಪಕ್ಕ, ಕ್ಯಾಬಿನ್ ತಗಡಿನ ದಪ್ಪ ಮಿಲಿಮೀಟರಲ್ಲಿ). ಪಂಪ್ ಔಟ್ ಟಾಯ್ಲೆಟ್ಟು, ಟ್ಯಾಂಕ್ 350 ಲೀಟರ್ ಅಂತ ಹೇಳಿದ್ರು. ಸ್ಟೀಲ್ ಟ್ಯಾಂಕು, ಬೋಟಿನ ಹೊರಮೈ ಅಂದ್ರೆ ಹಲ್‌ಗೇ ವೆಲ್ಡ್ ಮಾಡಿದ್ದು, ಬೆಡ್‌ರೂಮ್ ಮಂಚದ ಕೆಳಗೆ. ಹೆಂಡ್ತಿ ಮುಖ ನೋಡ್ಬೇಕಿತ್ತು ಮಂಚದ ಕೆಳಗೆ ಅಂದಾಗ. ಒಳ್ಗೆ ಹೋದಾಗ ವಾಸನೆ ಏನೂ ಇರ್ಲಿಲ್ಲ. ಅರೆಯೋ ಮ್ಯಾಸರೇಟರ್ ಇರೋ ಎಲೆಕ್ಟ್ರಿಕ್ ಫ್ಲಶ್ಶು. ಏನೇನ್ ಕೇಳ್ಬೇಕು?

ಹುಬ್ಬಳ್ಳಿ_ಟು_ಲೀಡ್ಸ್:
ವಾಸನೆ ಇರ್ಲಿಲ್ಲ ಅಂದ್ರ ತೋರಿಸೋ ಮುಂಚೆ ಖಾಲಿ ಮಾಡಿ ತೊಳದಾರ, ಅಷ್ಟ. ಟ್ಯಾಂಕ್ ಅರ್ಧ ಮ್ಯಾಲೆ ತುಂಬಿದ್ದಾಗ ಒಮ್ಮೆ ಹೋಗಿ ಬರ್ರಿ ಆದ್ರ.

ಹಲ್‌ಗೆ ವೆಲ್ಡ್ ಆದ ಸ್ಟೀಲ್ ಟ್ಯಾಂಕ್ ನನಗ ಸೇರೂದಿಲ್ಲ. ಮೂತ್ರ ಸ್ಟೀಲನ್ನ ತಿಂತದ, ಒಳಗಿಂದ ತುಕ್ಕು ಹತ್ತಿದ್ದು ಹೊರಗ ಕಾಣೂದಿಲ್ಲ, ಕಾಣೋ ಹೊತ್ತಿಗೆ ತೂತು. ಟ್ಯಾಂಕಿನ ಒಂದು ಗೋಡಿ ಬೋಟಿನ ಹಲ್ ಆಗಿದ್ರ ಆ ತೂತು ಕಾಲುವೆಗೆ ತೂತು. ಸರ್ವೇಯರ್‌ಗೆ ಹೇಳ್ರಿ, ಅಲ್ಟ್ರಾಸೌಂಡ್ ದಪ್ಪ ಅಳಿಯೂ ಮುಂದ ಆ ಜಾಗಾದಾಗ ಹೊರಗಿಂದ ಒತ್ತೊತ್ತಾಗಿ ರೀಡಿಂಗ್ ತಗೋ ಅಂತ. ಸ್ಟೇನ್‌ಲೆಸ್ ಆದ್ರೂ ವೆಲ್ಡ್ ಇದ್ದಲ್ಲಿ ಪಿಟ್ ಹೊಡೀತದ. ದಪ್ಪನೆ ಪಾಲಿಥೀನ್ ಟ್ಯಾಂಕೇ ಎಲ್ಲಾಕ್ಕಿಂತ ಛಲೋ.

ಟ್ಯಾಂಕ್ ನಟ್ಟನಡು ಐತೋ, ಒಂದ್ ಮಗ್ಗಲಕ್ಕೋ? 350 ಲೀಟರ್ ಅಂದ್ರ 350 ಕೇಜಿ. ಒಂದ ಮಗ್ಗಲಕ್ಕಿದ್ರ ತುಂಬಿದಂಗೆಲ್ಲಾ ಬೋಟ್ ವಾಲ್ತದ, ಚಹಾ ಕಪ್ಪು ಜಾರೂದ್ ನೋಡಿ ಟ್ಯಾಂಕ್ ತುಂಬೇತಿ ಅಂತ ತಿಳ್ಕೊಳೋ ಮಂದಿ ಅದಾರ. ಗೇಜ್ ನಂಬೂ ಹಂಗಿಲ್ಲ, ಫ್ಲೋಟಿಗೆ ಕೊಳಿ ಹತ್ತಿ ಒಂದ ಕಡೆ ನಿಂತ್ ಬಿಡ್ತದ.

ಇಂಜಿನ್‌ರೂಮ್_ಮಾಣಿ:
ಮ್ಯಾಸರೇಟರ್ ಆದದ್ದು ಒಳ್ಳೇದು. ಹಳೇ ಡಂಪ್ ಥ್ರೂ ಆಗಿದ್ರೆ ಟ್ಯಾಂಕ್ ಸೀದಾ ಬಟ್ಟಲ ಕೆಳಗೇ, ಬಿದ್ದದ್ದು ಬಿದ್ದಲ್ಲೇ ಹುತ್ತದ ಹಾಗೆ ಬೆಳೀತದೆ, ಪಂಪ್ ಔಟ್ ಮಾಡಿದ್ರೂ ಸುತ್ತಲಿನ ನೀರು ಮಾತ್ರ ಹೋಗಿ ಅದು ಅಲ್ಲೇ ಕೂತಿರ್ತದೆ. ನೀರು ಬಳಸುವವ್ರಿಗೆ ಇಲ್ಲಿ ಒಂದು ಲಾಭ ಉಂಟು. ಪೇಪರ್ ಇಲ್ಲ, ನೀರಿನ ಅಂಶ ಜಾಸ್ತಿ, ಎಳ್ಯೋದು ಸುಲಭ, ಮ್ಯಾಸರೇಟರಿಗೂ ಕಟ್ಕೊಳ್ಳೋದಿಲ್ಲ. ಮ್ಯಾಸರೇಟರ್ ಕೊಲ್ಲೋದು ವೆಟ್ ವೈಪ್ಸ್, ತಲೆಕೂದಲು, ಹಲ್ಲಿನ ಫ್ಲಾಸು. ಪೊಟ್ಟಣದ ಮೇಲೆ ಫ್ಲಶ್ ಮಾಡ್ಬಹುದು ಅಂತ ಬರೆದಿದ್ರೂ ಹಾಕ್ಬೇಡಿ.

ಲೆಕ್ಕ ನೋಡಿ. ಫ್ಲಶ್ಶಿಗೆ ಒಂದೂವರೆ ಎರಡು ಲೀಟರ್, ಇಬ್ರಿಗೆ ದಿನಕ್ಕೆ ಹತ್ತು ಸಲ ಅಂದ್ರೆ 15-20, ಅದಕ್ಕೆ ನಿಮ್ಮದೂ ಚೊಂಬಿಂದೂ ಸೇರಿಸಿ 25 ಇಟ್ಕೊಳ್ಳಿ. 350 ಲೀಟರ್ ಎರಡು ವಾರ. ನಾಲ್ಕು ಜನ ಆದ್ರೆ ಒಂದು ವಾರ. ನೀವು ಹೇಗೂ 14 ದಿನಕ್ಕೆ ಜಾಗ ಬದಲಾಯಿಸ್ತೀರಲ್ಲ, ಪಂಪ್ ಔಟ್ ಇರೋ ಕಡೆಗೇ ಹೋಗಿ.

ಟೋಪಾತ್_ಗೌಡ್ತಿ:
ಹೇಳೋಕೆ ಸುಲಭ ಅಣ್ಣ, ಚಳಿಗಾಲ ಮರ್ತ್ರಾ? ನವೆಂಬರಿಂದ ಮಾರ್ಚ್ ತನಕ ರಿಪೇರಿಗೆ ಅಂತ ಒಂದೊಂದ್ ಲಾಕು (ಬೋಟ್ ಏರಿಸಿ ಇಳಿಸೋ ಗೇಟು) ವಾರಗಟ್ಲೆ ಮುಚ್ಚಿರ್ತಾರೆ, ಪಂಪ್ ಔಟ್ ಆ ಕಡೆ ನೀವು ಈ ಕಡೆ. ಇಲ್ಲಾಂದ್ರೆ ಕಾಲುವೆ ಹೆಪ್ಪುಗಟ್ಟಿ ಬೋಟು ಅಲ್ಲಾಡಲ್ಲ, ಐಸ್ ಒಡ್ಕೊಂಡು ಹೋದ್ರೆ ಬೋಟಿನ ಹೊರಮೈಗೆ ಬಳಿದ ಕಪ್ಪು ಬಣ್ಣ (ಬ್ಲ್ಯಾಕಿಂಗ್) ಕಿತ್ತೋಗುತ್ತೆ, ಅಕ್ಕಪಕ್ಕದ ಬೋಟಿನೋರು ಬೈತಾರೆ. ಸ್ಟಾಪೇಜ್ ಲಿಸ್ಟ್ ಮುಂಚೇನೇ ಹಾಕಿರ್ತಾರೆ, ನೋಡ್ಕೊಂಡು ಚಳಿಗಾಲ ಎಲ್ಲಿ ನಿಲ್ಲೋದು ತೀರ್ಮಾನ ಮಾಡಿ. ಮತ್ತೆ ಏನೇ ಆದ್ರೂ ಒಂದು ಪೋರ್ಟಾ ಪಾಟಿ (ಎತ್ಕೊಂಡು ಹೋಗೋ ಸಣ್ಣ ಟಾಯ್ಲೆಟ್) ತಗೊಂಡು ಮೂಲೇಲಿ ಇಟ್ಟಿರಿ. ಟ್ಯಾಂಕ್ ತುಂಬಿದ ರಾತ್ರಿ, ಮ್ಯಾಸರೇಟರ್ ಸುಟ್ಟೋದ ದಿನ ಅದೇ ಗತಿ, ಎಲ್ಸಾನಲ್ಲಿ ಖಾಲಿ ಮಾಡ್ಬೋದು.

ಕಾಲುವೆ_ಕನಸು:
ಹೆಂಡ್ತಿ ಕೇಳ್ತಿದಾಳೆ, ಸರ್ವೀಸ್ ಅಂತ ಏನೇನ್ ಮಾಡ್ತಿರ್ಬೇಕು? ವರ್ಷಕ್ಕೊಂದ್ಸಲ ಯಾರಾದ್ರೂ ಬಂದು ಮಾಡಿಕೊಟ್ಟೋಗ್ತಾರಾ?

ಪ್ಯುಜೆಟ್_ಪಯಣಿಗ:
ಯಾರೂ ಬರಲ್ಲ. ಬಂದ್ರೂ ಬಿಲ್ ನೋಡಿ ನೀವೇ ಕಲೀತೀರಿ. ನನ್ಗೆ ಗೊತ್ತಿರೋದು ಹೇಳ್ತೀನಿ. ಜೋಕರ್ ವಾಲ್ವ್ ಅಂತ ಬಾತುಕೋಳಿ ಕೊಕ್ಕಿನಂಥ ರಬ್ಬರು ಇರುತ್ತೆ, ಹೋದದ್ದು ವಾಪಸ್ ಬರ್ದಂಗೆ ತಡೆಯೋದು. ಫ್ಲಶ್ ಮಾಡಿ ಸ್ವಲ್ಪ ಹೊತ್ತಿಗೆ ಬಟ್ಟಲಲ್ಲಿ ಕಂದು ನೀರು ವಾಪಸ್ ಬಂದು ನಿಂತ್ರೆ ಅದು ಹೋಗಿದೆ ಅಂತ. ಚಿಕ್ಕ ಪಾರ್ಟು, ಮುಂಚೇನೇ ಒಂದೆರಡು ತಂದಿಡಿ, ವರ್ಷಕ್ಕೊಮ್ಮೆ ಬದಲಾಯಿಸಿ. ಪೈಪೊಳಗೆ ಮೂತ್ರದ ಸುಣ್ಣ ಕಟ್ಟುತ್ತೆ, ಉಪ್ಪುನೀರಲ್ಲಿ ಇನ್ನೂ ಬೇಗ. ವಾರಕ್ಕೊಮ್ಮೆ ಬಿಳಿ ವಿನಿಗರ್ ಹಾಕಿ ರಾತ್ರಿ ಬಿಟ್ಟು ಬೆಳಿಗ್ಗೆ ಜಾಸ್ತಿ ನೀರಲ್ಲಿ ತಳ್ಳಿಬಿಡಿ. ಬ್ಲೀಚು, ಪೈನ್ ವಾಸನೆ ಕ್ಲೀನರ್‌ಗಳು ರಬ್ಬರನ್ನ ಹಾಳು ಮಾಡ್ತವೆ.

ಹುಬ್ಬಳ್ಳಿ_ಟು_ಲೀಡ್ಸ್:
ಕ್ಯಾಸೆಟ್ ಮಂದಿಗೆ ಒಂದ್ ಮಾತ್ ಸೇರಸ್ತೇನಿ. ಬಾಯಿ ಮುಚ್ಚೋ ಬ್ಲೇಡಿನ ರಬ್ಬರ್ ಸೀಲ್ ಒಣಗಿದ್ರ ಸೋರ್ತದ, ವಾಸನಿ ಬರ್ತದ. ನಮ್ಮ ಮಂದಿ ಕೊಬ್ಬರಿ ಎಣ್ಣಿ ಹಚ್ತಾರ, ವ್ಯಾಸಲಿನ್ ಹಚ್ತಾರ. ಬ್ಯಾಡ್ರಿ, ರಬ್ಬರ್ ಉಬ್ಬಿ ಕೆಡ್ತದ. ಸಿಲಿಕೋನ್ ಗ್ರೀಸ್ ಹಚ್ರಿ. ನೀಲಿ ಲಿಕ್ವಿಡ್ ಬದಲಿ ಎಂಜೈಮ್ ಇರೋ ಬಯೋ ಬಟ್ಟಿ ಒಗಿಯೋ ಲಿಕ್ವಿಡ್ ಸ್ವಲ್ಪ ಹಾಕೋ ಮಂದಿ ಇಲ್ಲಿ ಭಾಳ ಅದಾರ, ನಾನೂ ಅದನ್ನ ಹಾಕ್ತೇನಿ, ನಡೀತದ.

ತಿಪಟೂರ್_ತೆಂಗು:
ಕೊಬ್ಬರಿ ಎಣ್ಣೆಗೆ ಅವಮಾನ. ಖಂಡಿಸ್ತೀನಿ.

ಇಂಜಿನ್‌ರೂಮ್_ಮಾಣಿ:
ಪಂಪ್ ಔಟ್ ದಿನ ಮಾಡೋದು ಹೇಳ್ತೇನೆ, ಇಲ್ಲೇ ಜನ ಎಡವೋದು. ಮೊದ್ಲು ವೆಂಟ್ ತೆರೆದಿದೆಯಾ ನೋಡಿ. ವಾಸನೆ ತಡೀಲಿಕ್ಕೆ ಅಂತ ಕೆಲವ್ರು ವೆಂಟಿಗೆ ಇದ್ದಿಲಿನ ಫಿಲ್ಟರ್ ಹಾಕಿರ್ತಾರೆ, ಅದು ಒಮ್ಮೆ ಒದ್ದೆ ಆದ್ರೆ ಕಟ್ಕೊಳ್ತದೆ. ವೆಂಟ್ ಮುಚ್ಚಿದ್ದಾಗ ಮಷೀನ್ ಜೋರಾಗಿ ಎಳೆದ್ರೆ ಗಾಳಿ ಒಳಗೆ ಬರ್ಲಿಕ್ಕೆ ದಾರಿ ಇಲ್ಲ, ಪ್ಲಾಸ್ಟಿಕ್ ಟ್ಯಾಂಕ್ ಮುದುಡಿ ಹೋಗ್ತದೆ. ಉಲ್ಟಾನೂ ಉಂಟು, ವೆಂಟ್ ಕಟ್ಟಿದ ಟ್ಯಾಂಕಿಗೆ ಜನ ಫ್ಲಶ್ ಮಾಡ್ತಾನೇ ಹೋದ್ರೆ ಒತ್ತಡ ಏರ್ತದೆ, ಡೆಕ್ಕಿನ ಮುಚ್ಚಳ ತೆಗೆದಾಗ ಮುಖಕ್ಕೆ ಹಾರ್ತದೆ. ನಿಧಾನ ತಿರುಗಿಸಿ, ಮುಖ ಆಚೆ ಇಟ್ಕೊಳ್ಳಿ.

ಒಂದು ಸಲ ಎಳೆದು ಪಂಪ್ ಔಟ್ ಪೈಪಿನ ನೋಡೋ ಗ್ಲಾಸಲ್ಲಿ ಗಾಳಿ ಕಂಡ ತಕ್ಷಣ ನಿಲ್ಲಿಸ್ಬೇಡಿ. 20-30 ಲೀಟರ್ ನೀರು ಟ್ಯಾಂಕಿಗೆ ಬಿಟ್ಟು ಮತ್ತೆ ಎಳೀರಿ, ಗ್ಲಾಸಲ್ಲಿ ತಿಳಿ ನೀರು ಬರೋ ತನಕ. ತಳದಲ್ಲಿ ಉಳಿದ ಕೆಸರೇ ಮುಂದೆ ಗಟ್ಟಿ ಆಗೋದು. ಕೊನೆಗೆ ಸ್ವಲ್ಪ ನೀರು ಬಿಟ್ಟು ಮುಚ್ಚಿ, ಪೂರ್ತಿ ಒಣ ಟ್ಯಾಂಕಿಗೆ ಶುರು ಮಾಡ್ಬೇಡಿ.

ಡೆಕ್ಕಿನ ಮೇಲೆ ಡೀಸೆಲ್, ನೀರು, ಪಂಪ್ ಔಟ್ ಮೂರಕ್ಕೂ ಒಂದೇ ಥರ ಮುಚ್ಚಳ ಇರೋ ಬೋಟುಗಳು ಉಂಟು. ಬಣ್ಣ ಹಚ್ಚಿಡಿ. ಟ್ಯಾಂಕ್ ತೊಳೀಲಿಕ್ಕೆ ಇಟ್ಟ ಹೋಸನ್ನ ಕುಡಿಯೋ ನೀರಿಗೆ ಮುಟ್ಟಿಸ್ಲೇಬೇಡಿ, ಎರಡು ಹೋಸ್ ಎರಡು ಬಣ್ಣ.

ಕಾಲುವೆ_ಕನಸು:
ಸರ್ವೇ ರಿಪೋರ್ಟ್ ಬಂತು. ಟ್ಯಾಂಕ್ ಇರೋ ಜಾಗದಲ್ಲಿ ಬೇಸ್ ಪ್ಲೇಟ್ (ತಳದ ಸ್ಟೀಲು) ಮಿಕ್ಕಿದ ಕಡೆಗಿಂತ ಸ್ವಲ್ಪ ಸವೆದಿದೆ ಅಂತ ಬರ್ದಿದಾರೆ, ಈಗ್ಲೇ ಅಪಾಯ ಇಲ್ಲ ಆದ್ರೆ ಟ್ಯಾಂಕನ್ನ ಬಳಕೆಯಿಂದ ತೆಗೀರಿ ಅಂತ ಸಲಹೆ. ಹುಬ್ಬಳ್ಳಿ ಅಣ್ಣ ಹೇಳಿದ್ದು ಕರೆಕ್ಟ್ ಆಯ್ತು. ರೇಟಲ್ಲಿ ಚೌಕಾಸಿ ನಡೀತಿದೆ. ಆದ್ರೆ ಪ್ಲಾನ್ ಇದು: ಹಳೇ ಟ್ಯಾಂಕ್ ತೊಳ್ಸಿ ಸೀಲ್ ಮಾಡ್ಸಿ, ಬಾತ್‌ರೂಮ್ ಪಕ್ಕದ ಕಪಾಟಲ್ಲಿ ಪಾಲಿಥೀನ್ ಟ್ಯಾಂಕ್. ಜಾಗ ಅಳೆದ್ರೆ 220 ಲೀಟರ್ ಹಿಡಿಯುತ್ತೆ. ವೆಂಟ್ ಎರಡು. ಜೊತೆಗೆ ಪೋರ್ಟಾ ಪಾಟಿ. ಬಿಡೆ ಬಾಟ್ಲಿ ಆರ್ಡರ್ ಆಯ್ತು, ಅಪ್ಪಂಗೆ ಫೋನಲ್ಲಿ ಡೆಮೋ ಕೊಟ್ರೆ ಇದೇನ್ ಗಿಡಕ್ಕೆ ಔಷಧಿ ಹೊಡೆಯೋದಾ ಅಂದ್ರು.

ಹುಬ್ಬಳ್ಳಿ_ಟು_ಲೀಡ್ಸ್:
220 ಸಾಕು ಇಬ್ಬರಿಗೆ, ಒಂದ್ ವಾರದ ಮ್ಯಾಲೆ. ಹಿರ್ಯಾರು ಬಂದಾಗ ನಾಲ್ಕೈದು ದಿನಕ್ಕ ಖಾಲಿ ಮಾಡಬೇಕಾಗ್ತದ. ಹಳೇ ಟ್ಯಾಂಕ್ ಸೀಲ್ ಮಾಡೂ ಮುಂದ ಗಾಳಿ ಆಡಿಸಿ, ಒಣಗಿಸಿ, ಆಮ್ಯಾಲೆ ವೆಲ್ಡರ್‌ನ ಕರೀರಿ. ಒಳಗ ಮೀಥೇನ್ ಇದ್ದಾಗ ಕಿಡಿ ಬ್ಯಾಡ. ಇದನ್ನ ವೆಲ್ಡರ್‌ಗೆ ಬಾಯಿ ಬಿಟ್ಟು ಹೇಳ್ರಿ, ಏನ್ ಟ್ಯಾಂಕ್ ಅಂತ ಅವಂಗ ಗೊತ್ತಿರ್ಬೇಕಲ್ಲ.

ಟೋಪಾತ್_ಗೌಡ್ತಿ:
ಹೊಸ ಟ್ಯಾಂಕಿಗೆ ಮುಚ್ಚಳ ಇರೋ ಇನ್ಸ್‌ಪೆಕ್ಷನ್ ಕಿಂಡಿ ಮೇಲ್ಗಡೆ ಇರ್ಲಿ, ಪಕ್ಕಕ್ಕೆ ಇರೋದು ತಗೋಬೇಡಿ. ಮತ್ತೆ ಕಪಾಟಿನ ಬಾಗ್ಲು ಸ್ಕ್ರೂ ಬಿಚ್ಚದೇ ತೆಗೆಯೋ ಥರ ಮಾಡ್ಸಿ, ಪೈಪಿನ ಕ್ಲಿಪ್ಪಿಗೆ ಕೈ ಎಟುಕ್ಬೇಕು. ಬಡಗಿಗಳು ಚೆಂದಕ್ಕೆ ಎಲ್ಲಾ ಮುಚ್ಚಾಕ್ತಾರೆ.

ಕಾಲುವೆ_ಕನಸು:
ನೋಟ್ ಮಾಡ್ಕೊಂಡೆ ಅಕ್ಕ. ಪ್ರತಿ ಜಾಯಿಂಟಿಗೂ ಕ್ಲಿಪ್ ಎರಡೆರಡು ಹಾಕ್ಸ್ಬೇಕಾ, ಒಂದು ಸಾಕಾ?

ಪ್ಯುಜೆಟ್_ಪಯಣಿಗ:
ಎರಡು. ಸ್ಟೇನ್‌ಲೆಸ್, ಸ್ಕ್ರೂ ಎದುರುಬದುರು ಬರೋ ಥರ.